ಅಡುಗೆಮನೆ ಒಡೆದು ಕಟ್ಟುವಾಗ ಗ್ಯಾಸ್‌ಗೆ ಯಾವ ಸರ್ಟಿಫಿಕೇಟ್ ಬೇಕು?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು ಹಳೇ ಮನೆ. ಈಗ ಅಡುಗೆಮನೆ, ಬಾತ್‌ರೂಮ್ ಎರಡನ್ನೂ ಒಡೆಸಿ ಹೊಸದಾಗಿ ಮಾಡಿಸುತ್ತಿದ್ದೇವೆ. ನಾಲ್ಕು ಬರ್ನರಿನ ಹಾಬ್ (ಗ್ರಾನೈಟ್ ಕತ್ತರಿಸಿ ಅದರಲ್ಲಿ ಕೂರಿಸುವ ಸ್ಟವ್) ಆನ್‌ಲೈನಿನಲ್ಲಿ ತರಿಸಿದ್ದೇವೆ. ಡಬ್ಬದ ಮೇಲೆ ‘ಐಎಸ್‌ಒ ಸರ್ಟಿಫೈಡ್’ ಎಂದಿದೆ. ಸಿಲಿಂಡರನ್ನು ಯುಟಿಲಿಟಿಗೆ ಹಾಕಿ, ಗೋಡೆಯೊಳಗಿಂದ ತಾಮ್ರದ ಪೈಪ್ ಎಳೆದು ಹಾಬ್‌ಗೆ ಕೊಡುತ್ತೇನೆ, ಅದಕ್ಕೇ ಒಂದು ‘ಟಿ’ ಹಾಕಿ ಬಾತ್‌ರೂಮಿನ ಗ್ಯಾಸ್ ಗೀಸರ್‌ಗೂ ಲೈನ್ ಕೊಡುತ್ತೇನೆ ಅಂತ ಇಂಟೀರಿಯರ್ ಕಾಂಟ್ರಾಕ್ಟರ್ ಹೇಳುತ್ತಾರೆ. ‘ಕೊನೆಗೆ ಸರ್ಟಿಫಿಕೇಟ್ ನಾನೇ ಕೊಡ್ತೀನಿ ಮೇಡಂ’ ಅಂದಿದ್ದಾರೆ. ನಮ್ಮ ಬೀದಿಗೆ ಪೈಪ್ ಗ್ಯಾಸ್ ಕೂಡ ಬಂದಿದೆ. ‘ಹಳೇ ಸ್ಟವ್ ಗಟ್ಟಿಮುಟ್ಟಾಗಿದೆ, ಜೆಟ್ ದೊಡ್ಡದು ಮಾಡಿಸಿದರೆ ಪೈಪ್ ಗ್ಯಾಸಿಗೂ ಆಗುತ್ತೆ’ ಅನ್ನೋದು ನಮ್ಮ ಮಾವನವರ ಮಾತು. ನಿಜವಾಗಿ ಯಾವ ಸರ್ಟಿಫಿಕೇಟ್ ಬೇಕು, ಅದನ್ನು ಯಾರು ಕೊಡಬೇಕು? ಹಳೇ ಸ್ಟವ್ ಉಳಿದರೆ ಊರಲ್ಲಿರುವ ಅಮ್ಮನಿಗೆ ಕೊಡಬಹುದಾ?

ಉತ್ತರ: ಗೋಡೆ ಮುಚ್ಚುವ ಮೊದಲೇ ಕೇಳಿದ್ದೀರಿ, ಅದೇ ದೊಡ್ಡ ವಿಷಯ. ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಟೈಲ್ಸ್ ಕೂತು, ಗ್ರಾನೈಟ್ ಬಿದ್ದು, ಕಬೋರ್ಡ್ ಎಲ್ಲ ಆದಮೇಲೆ ಬರುತ್ತವೆ. ಆಗ ಏನು ಹೇಳಿದರೂ ಒಡೆಯುವ ಮಾತೇ ಆಗುತ್ತದೆ.

‘ಈ ಮನೆಯ ಗ್ಯಾಸ್ ವ್ಯವಸ್ಥೆ ಸುರಕ್ಷಿತ’ ಎಂದು ಸರ್ಕಾರ ಕೊಡುವ ಒಂದೇ ಒಂದು ಕಾಗದ ನಮ್ಮಲ್ಲಿಲ್ಲ. ನಮ್ಮಲ್ಲಿರುವುದು ಮೂರು ಬೇರೆ ಬೇರೆ ಭರವಸೆಗಳು. ಸಾಮಾನಿನ ಭರವಸೆ ಅದರ ಮೇಲಿನ ಐಎಸ್‌ಐ ಗುರುತು. ಅನಿಲ ಪೂರೈಸುವವರ ಭರವಸೆ ಏಜೆನ್ಸಿಯ ಅಥವಾ ಪೈಪ್ ಗ್ಯಾಸ್ ಕಂಪನಿಯ ತಪಾಸಣೆ. ಮೂರನೆಯದು ನಿಮ್ಮ ಮನೆಯೊಳಗೆ ಎಳೆದ ಲೈನಿನ ಸೋರಿಕೆ ಪರೀಕ್ಷೆ. ನವೀಕರಣ ಮಾಡಿದಾಗ ಮೊದಲನೆಯದಕ್ಕೆ ಏನೂ ಆಗುವುದಿಲ್ಲ, ಉಳಿದ ಎರಡೂ ರದ್ದಾದ ಹಾಗೆ. ಸಿಲಿಂಡರಿನ ಜಾಗ, ಪೈಪಿನ ದಾರಿ, ಗಾಳಿ ಬರುವ ಕಿಟಕಿ ಎಲ್ಲವೂ ಬದಲಾಗಿರುತ್ತವಲ್ಲ. ಹಿಂದೆ ಯಾರೋ ನೋಡಿ ಸರಿ ಅಂದಿದ್ದು ಆ ಹಳೇ ಅಡುಗೆಮನೆಯನ್ನು.

ಕಾಂಟ್ರಾಕ್ಟರ್ ಕೊಡುವುದು ಅವರ ಕೆಲಸದ ವಾರಂಟಿ ಪತ್ರ. ಅದು ಬೇಡ ಅನ್ನುವುದಿಲ್ಲ, ಖಂಡಿತ ತೆಗೆದುಕೊಳ್ಳಿ. ಆದರೆ ಈ ಮೂರರಲ್ಲಿ ಯಾವುದರ ಬದಲಿಗೂ ಅದು ನಿಲ್ಲುವುದಿಲ್ಲ.

ಐಎಸ್‌ಒ ಬೇರೆ, ಐಎಸ್‌ಐ ಬೇರೆ

ನಿಮ್ಮ ಹಾಬ್‌ನಿಂದ ಶುರು ಮಾಡೋಣ. ‘ಐಎಸ್‌ಒ 9001’ ಅಂದರೆ ಆ ಕಾರ್ಖಾನೆ ತನ್ನ ಕೆಲಸದ ಪದ್ಧತಿಯನ್ನು ಒಂದು ಕ್ರಮದಲ್ಲಿ ಇಟ್ಟುಕೊಂಡಿದೆ ಅಂತ. ನಿಮ್ಮ ಕೈಯಲ್ಲಿರುವ ಹಾಬನ್ನು ಯಾರೋ ಉರಿಸಿ ನೋಡಿದ್ದಾರೆ ಅಂತಲ್ಲ. ‘ಸಿಇ’ ಅನ್ನುವುದು ಯುರೋಪಿನ ಮಾರುಕಟ್ಟೆಗೆ ಸಂಬಂಧಿಸಿದ್ದು. ನಕ್ಷತ್ರದ ಲೇಬಲ್ ಇದ್ದರೆ ಅದು ಗ್ಯಾಸ್ ಎಷ್ಟು ಉಳಿಯುತ್ತದೆ ಅಂತ ಹೇಳುತ್ತದೆ. ಇವು ಯಾವುವೂ ಸುಳ್ಳಲ್ಲ, ಆದರೆ ನೀವು ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲ.

ಎಲ್‌ಪಿಜಿ ಸ್ಟವ್‌ಗೆ ನಮ್ಮ ದೇಶದ ಮಾನದಂಡ ಐಎಸ್ 4246. ಸೋರಿಕೆ, ಉರಿಯ ಸ್ಥಿರತೆ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟು ಅನ್ನುವುದನ್ನೆಲ್ಲ ಅದರಲ್ಲಿ ಪರೀಕ್ಷಿಸುತ್ತಾರೆ. ಶಾಖದ ದಕ್ಷತೆ ಶೇ. 68ಕ್ಕಿಂತ ಕಡಿಮೆ ಇರಬಾರದು. ಪೈಪ್ ಗ್ಯಾಸಿನ ಸ್ಟವ್‌ಗೆ ಬೇರೆಯೇ ಮಾನದಂಡ ಇದೆ, ಐಎಸ್ 17153. ಎಲ್‌ಪಿಜಿ ಗೀಸರ್‌ಗೆ ಐಎಸ್ 15558. ರಬ್ಬರ್ ಟ್ಯೂಬಿಗೆ ಐಎಸ್ 9573. ಈ ನಾಲ್ಕು ಸಂಖ್ಯೆಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತವೆ.

ಡಬ್ಬದ ಮೇಲಲ್ಲ, ಹಾಬಿನ ಮೈಮೇಲೇ ನೋಡಿ. ಸಾಮಾನ್ಯವಾಗಿ ತಳದಲ್ಲೋ ಪಕ್ಕದಲ್ಲೋ ಒಂದು ಪಟ್ಟಿ ಇರುತ್ತದೆ. ಐಎಸ್‌ಐ ಗುರುತಿನ ಮೇಲೆ ಮಾನದಂಡದ ಸಂಖ್ಯೆ, ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಬರೀ ಗುರುತಿದ್ದು ಕೆಳಗೆ ಸಂಖ್ಯೆ ಇಲ್ಲದಿದ್ದರೆ ಅನುಮಾನ ಪಡಿ. ‘ಬಿಐಎಸ್ ಕೇರ್’ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಲೈಸೆನ್ಸ್ ಯಾರದ್ದು, ಯಾವ ಸಾಮಾನಿಗೆ, ಇನ್ನೂ ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತದೆ. ಕಂಪನಿಯ ಹೆಸರು, ಸಾಮಾನಿನ ಹೆಸರು ಎರಡೂ ತಾಳೆಯಾಗಬೇಕು. ಬೇರೆ ಯಾವುದೋ ಸಾಮಾನಿನ ಲೈಸೆನ್ಸ್ ಸಂಖ್ಯೆಯನ್ನು ಸ್ಟವ್ ಮೇಲೆ ಅಚ್ಚು ಹಾಕಿದ್ದನ್ನು ನಾನು ನೋಡಿದ್ದೇನೆ. ತಾಳೆಯಾಗಲಿಲ್ಲ ಅಂದರೆ ವಾಪಸ್ ಕಳಿಸಿ. ಅದಕ್ಕೇ, ಹಾಬಿನ ಅಳತೆಗೆ ಗ್ರಾನೈಟ್ ಕತ್ತರಿಸುವ ಮೊದಲೇ ಈ ಕೆಲಸ ಮುಗಿಸಿ. ಒಂದು ಸಲ ಕತ್ತರಿಸಿಬಿಟ್ಟರೆ ‘ಇರಲಿ ಬಿಡು’ ಅನ್ನಿಸಿಬಿಡುತ್ತದೆ.

ಹಾಬ್ ಬದಲಾಯಿಸುವ ಹಾಗಾದರೆ ಇನ್ನೊಂದು ಸೌಲಭ್ಯ ಇರುವುದನ್ನೇ ತೆಗೆದುಕೊಳ್ಳಿ ಅಂತ ನನ್ನ ಸಲಹೆ. ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆ. ಬರ್ನರಿನ ಪಕ್ಕ ಕಡ್ಡಿಯಂಥ ಒಂದು ಸಣ್ಣ ಸೆನ್ಸರ್ ಇರುತ್ತದೆ. ಉರಿಯ ಬಿಸಿ ತಾಗುತ್ತಿರುವವರೆಗೆ ಅದು ಒಳಗಿನ ವಾಲ್ವನ್ನು ತೆರೆದಿಡುತ್ತದೆ. ಹಾಲು ಉಕ್ಕಿ ಉರಿ ಆರಿತು ಅಂದುಕೊಳ್ಳಿ, ಕಡ್ಡಿ ತಣ್ಣಗಾಗುತ್ತಲೇ ವಾಲ್ವ್ ‘ಟಕ್’ ಎಂದು ಮುಚ್ಚಿಕೊಳ್ಳುತ್ತದೆ. ಕೂರಿಸಲು ಬಂದ ಟೆಕ್ನಿಷಿಯನ್‌ಗೆ ನಾಲ್ಕೂ ಬರ್ನರಿನಲ್ಲಿ ಅದನ್ನು ಮಾಡಿ ತೋರಿಸಲು ಹೇಳಿ.

ಗೋಡೆಯೊಳಗಿನ ಪೈಪು

ನನಗೆ ಜಾಸ್ತಿ ಚಿಂತೆಯಾಗಿದ್ದು ಇಲ್ಲೇ. ಸಿಲಿಂಡರನ್ನು ಯುಟಿಲಿಟಿಗೆ ಹಾಕುವ ಯೋಚನೆ ಒಳ್ಳೆಯದೇ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಬಾಗಿಲು ಮುಚ್ಚಿದ ಕೆಳಗಿನ ಕಬೋರ್ಡಿನಲ್ಲಿ ಸಿಲಿಂಡರ್ ಇದ್ದರೆ ಮೂಗಿಗೆ ವಾಸನೆ ಬರುವಷ್ಟರಲ್ಲಿ ಒಳಗೆ ತುಂಬಿಕೊಂಡಿರುತ್ತದೆ. ಕಬೋರ್ಡಿನಲ್ಲೇ ಇಡಬೇಕಾದ ಅನಿವಾರ್ಯ ಇದ್ದರೆ ನೆಲದ ಮಟ್ಟದಲ್ಲೂ ಮೇಲೂ ಗಾಳಿಯಾಡುವ ಕಿಂಡಿ ಬೇಕು. ಯುಟಿಲಿಟಿಯಲ್ಲಿ ಆ ತೊಂದರೆ ಕಡಿಮೆ. ಆದರೆ ಅಲ್ಲಿ ಸಂಪಿನ ಮುಚ್ಚಳ, ನೀರು ಹೋಗುವ ಜಾಲರಿ, ವಾಷಿಂಗ್ ಮಷೀನಿನ ಪ್ಲಗ್, ಯುಪಿಎಸ್ ಬ್ಯಾಟರಿ ಎಲ್ಲ ಎಲ್ಲಿವೆ ನೋಡಿ. ಇವುಗಳ ಪಕ್ಕದಲ್ಲೇ ಸಿಲಿಂಡರ್ ಬೇಡ.

ಪೈಪಿನ ಬಗ್ಗೆ ಕಾಂಟ್ರಾಕ್ಟರ್‌ಗೆ ನನ್ನ ಮೊದಲ ಪ್ರಶ್ನೆ: ಗೋಡೆಯೊಳಗೇ ಯಾಕೆ? ಚೆಂದಕ್ಕೆ ಅನ್ನುತ್ತಾರೆ. ಗೋಡೆಯ ಮೇಲೆ ಕ್ಲಾಂಪ್ ಹಾಕಿ ಕಣ್ಣಿಗೆ ಕಾಣುವಂತೆ ಎಳೆದರೆ ಸೋಪಿನ ನೀರು ಹಚ್ಚಿ ಯಾವಾಗ ಬೇಕಾದರೂ ನೋಡಬಹುದು. ಮುಂದಿನ ವರ್ಷ ಮೊಳೆ ಹೊಡೆಯುವವರಿಗೂ ಪೈಪ್ ಎಲ್ಲಿದೆ ಅಂತ ಗೊತ್ತಿರುತ್ತದೆ. ಗೋಡೆ ದಾಟುವ ಕಡೆ ಮಾತ್ರ ಇನ್ನೊಂದು ದೊಡ್ಡ ಪೈಪಿನ ತುಂಡನ್ನು ಕವಚದ ಹಾಗೆ ಕೂರಿಸಿ, ಅದರೊಳಗೆ ಗ್ಯಾಸಿನ ಪೈಪ್ ಹಾಯಿಸಬೇಕು. ಸಿಮೆಂಟ್ ನೇರವಾಗಿ ತಾಮ್ರಕ್ಕೆ ಮೆತ್ತಬಾರದು. ಗೋಡೆಯೊಳಗೇ ಬೇಕು ಅಂತ ನೀವು ಹಟ ಹಿಡಿದರೂ ಒಂದು ಷರತ್ತನ್ನು ಬಿಟ್ಟುಕೊಡಬೇಡಿ: ಕಾಣದ ಜಾಗದಲ್ಲಿ ಒಂದೂ ಜಾಯಿಂಟ್ ಇರಕೂಡದು. ಸೋರುವುದು ಹೆಚ್ಚಾಗಿ ಜಾಯಿಂಟಿನಲ್ಲೇ. ಸಿಲಿಂಡರಿನ ಕಡೆ ಒಂದು, ಹಾಬಿನ ಕಡೆ ಒಂದು ವಾಲ್ವ್ ಬೇಕು. ಎರಡೂ ಕಬೋರ್ಡಿನ ಸಾಮಾನು ತೆಗೆಯದೆ ಕೈಗೆ ಸಿಗಬೇಕು.

ಪರೀಕ್ಷೆಯ ವಿಷಯ. ‘ಗ್ಯಾಸ್ ಬಿಟ್ಟು ನೋಡಿದ್ವಿ, ವಾಸನೆ ಬರ್ಲಿಲ್ಲ’ ಅನ್ನುವುದು ಪರೀಕ್ಷೆ ಅಲ್ಲ. ಮನೆಯ ರೆಗ್ಯುಲೇಟರಿನಿಂದ ಬರುವ ಒತ್ತಡ ಬರೀ 30 ಮಿಲಿಬಾರ್. ಅಷ್ಟು ಕಡಿಮೆ ಒತ್ತಡದಲ್ಲಿ ಸಣ್ಣ ಬಿರುಕು ಮೂಗಿಗೆ ತಿಳಿಯುವುದಿಲ್ಲ. ಸರಿಯಾದ ಕ್ರಮ ಹೀಗಿದೆ. ಮೊದಲು ಪೈಪಿನ ಎರಡೂ ತುದಿ ಮುಚ್ಚಿ, ಗ್ಯಾಸ್ ಅಲ್ಲ, ಗಾಳಿ ತುಂಬಿ, ಕೆಲಸದ ಒತ್ತಡಕ್ಕಿಂತ ಸಾಕಷ್ಟು ಜಾಸ್ತಿ ಒತ್ತಡದಲ್ಲಿ ಗೇಜ್ ಹಾಕಿ ಬಿಡುತ್ತಾರೆ. ಮುಳ್ಳು ಕದಲಬಾರದು. ಅದಾದ ಮೇಲೆ ಕೆಲಸದ ಒತ್ತಡಕ್ಕೆ ಇಳಿಸಿ ಸೂಕ್ಷ್ಮ ಪರೀಕ್ಷೆ. ಇದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಯು ಆಕಾರಕ್ಕೆ ಬಗ್ಗಿಸಿದ ಪಾರದರ್ಶಕ ಟ್ಯೂಬಿನಲ್ಲಿ ಅರ್ಧದಷ್ಟು ಬಣ್ಣದ ನೀರು ಹಾಕಿ, ಒಂದು ತುದಿಯನ್ನು ಲೈನಿಗೆ ಸಿಕ್ಕಿಸುತ್ತಾರೆ. 30 ಮಿಲಿಬಾರ್ ಅಂದರೆ ಎರಡು ಬದಿಯ ನೀರಿನ ಮಟ್ಟದಲ್ಲಿ ಸುಮಾರು 30 ಸೆಂಟಿಮೀಟರ್ ವ್ಯತ್ಯಾಸ. ಟ್ಯೂಬಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಒಂದು ಕಾಫಿ ಕುಡಿದು ಬರುವಷ್ಟು ಹೊತ್ತು ಬಿಟ್ಟು ನೋಡಿ. ನೀರು ಗೆರೆಯಲ್ಲೇ ನಿಂತಿದ್ದರೆ ಸರಿ. ಬೆರಳಿನಷ್ಟು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಆಗ ಜಾಯಿಂಟ್ ಒಂದೊಂದಕ್ಕೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದನ್ನು ಹುಡುಕಬೇಕು. ಬೆಂಕಿಕಡ್ಡಿ ಗೀರಿ ಸೋರಿಕೆ ನೋಡುವವರು ಇವತ್ತಿಗೂ ಇದ್ದಾರೆ. ಅಂಥವರನ್ನು ಅಲ್ಲಿಂದಲೇ ವಾಪಸ್ ಕಳಿಸಿ.

ಈ ಪರೀಕ್ಷೆ ಎರಡು ಸಲ ಆಗಬೇಕು. ಟೈಲ್ಸ್, ಗ್ರಾನೈಟ್ ಮುಚ್ಚುವ ಮೊದಲು ಒಮ್ಮೆ. ಕಾರ್ಪೆಂಟರ್ ಕೆಲಸ ಮುಗಿಸಿ ಹೋದ ಮೇಲೆ ಮತ್ತೊಮ್ಮೆ. ಎರಡನೆಯದನ್ನು ಯಾರೂ ಮಾಡಿಸುವುದಿಲ್ಲ, ನಿಜವಾದ ಅಪಾಯ ಇರುವುದೂ ಅಲ್ಲೇ. ಕಬೋರ್ಡನ್ನು ಗೋಡೆಗೆ ಹಿಡಿಸಲು ಡ್ರಿಲ್ ಮಾಡುವವನಿಗೆ ಒಳಗೆ ತಾಮ್ರದ ಪೈಪ್ ಇದೆ ಅಂತ ಹೇಳಿರುವುದಿಲ್ಲ. ಸ್ಕ್ರೂ ಪೈಪಿಗೆ ನಾಟಿಕೊಂಡು, ಅದೇ ಸ್ಕ್ರೂ ತೂತನ್ನು ಮುಚ್ಚಿಕೊಂಡು ತಿಂಗಳುಗಟ್ಟಲೆ ಕೂತಿದ್ದ ಮನೆ ನೋಡಿದ್ದೇನೆ. ಸ್ಕ್ರೂ ಸಡಿಲವಾದ ದಿನ ಸೋರಲು ಶುರುವಾಯಿತು. ಗೋಡೆ ಮುಚ್ಚುವ ಮೊದಲು ಪೈಪಿನ ಪಕ್ಕ ಅಳತೆ ಟೇಪ್ ಹಿಡಿದು ಫೋಟೊ ತೆಗೆದುಕೊಳ್ಳಿ, ಒಂದು ಪ್ರಿಂಟ್ ಕಾರ್ಪೆಂಟರ್ ಕೈಗೂ ಕೊಡಿ.

ಇನ್ನು ಆ ‘ಟಿ’. ಅದು ಬೇಡ. ಗೀಸರ್ ಒಂದು ಬರ್ನರಿಗಿಂತ ಎಷ್ಟೋ ಪಾಲು ಜಾಸ್ತಿ ಗ್ಯಾಸ್ ಎಳೆಯುತ್ತದೆ. ಅದು ಹೊತ್ತಿಕೊಂಡ ಕ್ಷಣ ಲೈನಿನಲ್ಲಿ ಒತ್ತಡ ಬಿದ್ದು ಸ್ಟವ್‌ನ ಉರಿ ಕುಗ್ಗುತ್ತದೆ. ಸಿಮ್‌ನಲ್ಲಿ ಇಟ್ಟ ಸಾರಿನ ಉರಿ ಆರಿಯೇ ಹೋಗಬಹುದು. ಸ್ನಾನ ಮುಗಿದು ಗೀಸರ್ ನಿಂತಾಗ ಒತ್ತಡ ಮತ್ತೆ ಬರುತ್ತದೆ, ಉರಿಯಿಲ್ಲದ ಬರ್ನರಿನಿಂದ ಗ್ಯಾಸ್ ಹೊರಗೆ ಬರುತ್ತಲೇ ಇರುತ್ತದೆ. ರಬ್ಬರ್ ಟ್ಯೂಬಿಗೆ ಟಿ ಹಾಕಬೇಡಿ ಎಂದು ತೈಲ ಕಂಪನಿಗಳೂ ಹೇಳುತ್ತವೆ. ಟ್ಯೂಬ್ ಕಿತ್ತಳೆ ಬಣ್ಣದ ‘ಸುರಕ್ಷಾ’ ಟ್ಯೂಬೇ ಇರಲಿ, ಒಂದೂವರೆ ಮೀಟರ್ ಮೀರದಿರಲಿ. ಮೇಲೆ ಅಚ್ಚಾದ ದಿನಾಂಕ ನೋಡಿ ಐದು ವರ್ಷಕ್ಕೆ ಬದಲಾಯಿಸಿ. ಗ್ರಾನೈಟಿನ ತೂತಿನಲ್ಲಿ ಟ್ಯೂಬ್ ಉಜ್ಜಿಕೊಂಡು ಹಾಯುವ ಹಾಗೆ ಮಾಡಲೇಬೇಡಿ.

ಗೀಸರ್: ವಾಸನೆ ಬರದ ಅಪಾಯ

ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಬೇಡ. ಐಎಸ್‌ಐ ಇದ್ದರೂ ಬೇಡ, ಎಷ್ಟೇ ದುಬಾರಿಯಾದರೂ ಬೇಡ. ಬೆಂಗಳೂರಿನ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ‘ಗ್ಯಾಸ್ ಲೀಕ್’ ಅಂತ ಮಾತಾಡಿಕೊಳ್ಳುತ್ತಾರೆ. ಬಹಳ ಸಲ ಅಲ್ಲಿ ಲೀಕ್ ಆಗಿರುವುದೇ ಇಲ್ಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಉರಿ ಆಮ್ಲಜನಕವನ್ನು ತಿನ್ನುತ್ತಾ ಹೋಗುತ್ತದೆ. ಆಮ್ಲಜನಕ ಸಾಲದಾದಾಗ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಆಮೇಲೆ ಕಾಲಿನಲ್ಲಿ ಬಲವೇ ಇಲ್ಲ. ಬಾಗಿಲವರೆಗೂ ಹೋಗಲು ಆಗುವುದಿಲ್ಲ.

‘ವಾಸನೆ ಬಂದ್ರೆ ಗೊತ್ತಾಗುತ್ತಲ್ವಾ’ ಅಂತ ಬಹಳ ಜನ ಕೇಳುತ್ತಾರೆ. ಗ್ಯಾಸಿನ ಆ ಕೆಟ್ಟ ವಾಸನೆ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು, ಸೋರಿಕೆ ತಿಳಿಯಲಿ ಅಂತ ಬೆರೆಸಿರುತ್ತಾರೆ. ಗ್ಯಾಸ್ ಉರಿದಾಗ ಅದೂ ಉರಿದುಹೋಗುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನವೀಕರಣದಿಂದ ಈ ಅಪಾಯ ಹೆಚ್ಚುತ್ತದೆ ಅನ್ನುವುದನ್ನು ಗಮನಿಸಿ. ನಿಮ್ಮ ಹಳೇ ಬಾತ್‌ರೂಮಿನಲ್ಲಿ ಮೇಲೆ ಮುಚ್ಚಲಾಗದ ವೆಂಟಿಲೇಟರ್ ಇದ್ದಿರಬಹುದು. ಮರದ ಬಾಗಿಲಿನ ಕೆಳಗೆ ಸಂದಿ ಇದ್ದಿರಬಹುದು. ಈಗ ಅಲ್ಲಿ ಬಿಗಿಯಾಗಿ ಕೂರುವ ಯುಪಿವಿಸಿ ಕಿಟಕಿ, ಸಂದಿಯಿಲ್ಲದ ಬಾಗಿಲು ಬರುತ್ತದೆ. ಅದೇ ಗೀಸರ್, ಅದೇ ಗೋಡೆ, ಆದರೂ ಮೊದಲಿನ ಗಾಳಿ ಇಲ್ಲ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅನ್ನಬಹುದು. ಒಳಗೆ ಬರುವ ದಾರಿಯೇ ಇಲ್ಲದಿದ್ದರೆ ಫ್ಯಾನ್ ಯಾವ ಗಾಳಿಯನ್ನು ಹೊರಗೆ ತಳ್ಳಬೇಕು?

ದಾರಿ ಸುಲಭವಾಗಿದೆ. ಗೀಸರ್ ಯುಟಿಲಿಟಿಯ ತೆರೆದ ಗೋಡೆಯ ಮೇಲೆ ಇರಲಿ, ಅದರದ್ದೇ ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್ ಇರಲಿ, ಬಿಸಿನೀರಿನ ಪೈಪ್ ಮಾತ್ರ ಬಾತ್‌ರೂಮಿಗೆ ಬರಲಿ. ಹೇಗೂ ಗೋಡೆ ಒಡೆದಿದ್ದೀರಿ, ಈಗ ಆ ಪೈಪ್ ಹಾಕಿಸುವುದು ದೊಡ್ಡ ಖರ್ಚಲ್ಲ. ಯುಟಿಲಿಟಿಗೆ ಗಾಜು ಹಾಕಿ ಪೂರ್ತಿ ಮುಚ್ಚುವ ಯೋಚನೆ ಇದ್ದರೆ ಗ್ಯಾಸ್ ಗೀಸರ್ ಬಿಟ್ಟು ಸೋಲಾರ್ ಅಥವಾ ಕರೆಂಟಿನದ್ದು ನೋಡಿ.

ಮಾವನವರ ಮಾತು

ಅವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡು, ಬದಲಾಗಲೇಬೇಕು. ಬೆಂಗಳೂರಿನಲ್ಲಿ ಗೇಲ್ ಗ್ಯಾಸ್ ಕೊಡುವ ಪೈಪ್ ಗ್ಯಾಸ್ ಮುಖ್ಯವಾಗಿ ಮೀಥೇನ್. ಗಾಳಿಗಿಂತ ಹಗುರ, ಮನೆಯೊಳಗಿನ ಒತ್ತಡವೂ ಕಡಿಮೆ, ಸುಮಾರು 21 ಮಿಲಿಬಾರ್. ಒಂದು ಘನ ಮೀಟರಿನಲ್ಲಿ ಸಿಗುವ ಶಾಖ ಎಲ್‌ಪಿಜಿಯ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಅಷ್ಟೇ ಉರಿ ಬೇಕಾದರೆ ಜಾಸ್ತಿ ಗ್ಯಾಸ್ ಹೋಗಬೇಕು, ಜೆಟ್ಟಿನ ತೂತು ದೊಡ್ಡದಿರಬೇಕು.

ತಪ್ಪಿರುವುದು ಡ್ರಿಲ್ ಮಾಡಿಸುವುದರಲ್ಲಿ. ಜೆಟ್ಟಿನ ತೂತು ಕೂದಲೆಳೆಯ ಲೆಕ್ಕದ್ದು. ಕೈ ಡ್ರಿಲ್ಲಿನಲ್ಲಿ ಕೊರೆದರೆ ಓರೆಯಾಗುತ್ತದೆ, ಗಾಳಿ ಸರಿಯಾಗಿ ಬೆರೆಯುವುದಿಲ್ಲ. ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾದರೆ ಅದೇ ಗುರುತು, ಅಲ್ಲೂ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತಿರುತ್ತದೆ. ಜೊತೆಗೆ, ಆ ಸ್ಟವ್‌ಗೆ ಸಿಕ್ಕ ಐಎಸ್ 4246 ಗುರುತು ಎಲ್‌ಪಿಜಿಗೆ ಮಾತ್ರ. ಜೆಟ್ ಬದಲಾದ ಮೇಲೆ ಆ ಗುರುತು ಈಗಿನ ಉರಿಯ ಬಗ್ಗೆ ಏನೂ ಹೇಳುವುದಿಲ್ಲ.

ಪೈಪ್ ಗ್ಯಾಸ್ ಬೇಕೆಂದರೆ ಐಎಸ್ 17153 ಗುರುತಿನ ಸ್ಟವ್ ಕೊಳ್ಳುವುದು ಎಲ್ಲಕ್ಕಿಂತ ನೆಮ್ಮದಿ, ಖರ್ಚು ಮಾತ್ರ ಬೀಳುತ್ತದೆ. ಹಾಬ್ ಕಂಪನಿಯೇ ಪೈಪ್ ಗ್ಯಾಸಿನ ಜೆಟ್ ಸೆಟ್ ಕೊಟ್ಟು ಅವರ ಟೆಕ್ನಿಷಿಯನ್ನೇ ಬಂದು ಹಾಕುವುದಾದರೆ ಅದೂ ಆಗಬಹುದು, ಆ ಸೇವೆಯ ಬಿಲ್ ಇಟ್ಟುಕೊಳ್ಳಿ. ಕನೆಕ್ಷನ್ ಕೊಡುವ ದಿನ ಗ್ಯಾಸ್ ಕಂಪನಿಯವರೂ ಸಾಮಾನ್ಯ ಸ್ಟವ್‌ಗಳ ಜೆಟ್ ಬದಲಾಯಿಸಿಕೊಡುತ್ತಾರೆ. ಹಳೇ ಸ್ಟವ್ ಉಳಿಸಲೇಬೇಕು ಅಂದರೆ ಅದು ಮೂರನೆಯ ದಾರಿ. ಆದರೆ ಬರ್ನರ್ ಸವೆದಿದ್ದರೆ ಉರಿ ಸರಿಹೋಗುವುದಿಲ್ಲ. ನಾನಾಗಿದ್ದರೆ ಹೊಸದಕ್ಕೇ ಹೋಗುತ್ತಿದ್ದೆ.

ಇದನ್ನು ಕಾಂಟ್ರಾಕ್ಟರ್ ಕೆಲಸ ಶುರು ಮಾಡುವ ಮೊದಲೇ ತೀರ್ಮಾನಿಸಿ. ಪೈಪ್ ಗ್ಯಾಸ್ ಅಂದರೆ ಮೀಟರಿನಿಂದ ಹಾಬಿನವರೆಗಿನ ಲೈನ್ ಗ್ಯಾಸ್ ಕಂಪನಿಯವರ ಕೆಲಸ, ಅವರ ಪರೀಕ್ಷೆ. ಎಲ್‌ಪಿಜಿಗೆಂದು ಎಳೆದ ಲೈನನ್ನು ಅವರು ಒಪ್ಪಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ಮೀಟರ್ ಎಲ್ಲಿ, ಪೈಪ್ ಎಲ್ಲಿ ಬರುತ್ತದೆ ಅಂತ ಸೈಟಿಗೆ ಕರೆಸಿ ಗುರುತು ಹಾಕಿಸಿ. ಗ್ಯಾಸ್ ಡಿಟೆಕ್ಟರ್ ಇಡುವ ಜಾಗವೂ ಬದಲಾಗುತ್ತದೆ: ಎಲ್‌ಪಿಜಿಗೆ ನೆಲದಿಂದ ಒಂದಡಿ ಮೇಲೆ, ಪೈಪ್ ಗ್ಯಾಸಿಗೆ ಸೀಲಿಂಗ್ ಹತ್ತಿರ.

ಯಾರನ್ನು ಕರೆಯಬೇಕು, ಏನು ಇಟ್ಟುಕೊಳ್ಳಬೇಕು

ಎಲ್‌ಪಿಜಿಯಲ್ಲೇ ಇರುತ್ತೀರಿ ಅಂದರೆ ನಿಮ್ಮ ಗ್ಯಾಸ್ ಏಜೆನ್ಸಿಗೆ ಎರಡು ಸಲ ಹೇಳಿ. ಕೆಲಸಕ್ಕೆ ಮೊದಲು ನಕ್ಷೆ ತೋರಿಸಿ, ಸಿಲಿಂಡರ್ ಇಲ್ಲಿ, ಪೈಪ್ ಇಲ್ಲಿ, ನಿಮಗೆ ಒಪ್ಪಿಗೆನಾ ಅಂತ ಕೇಳಿ. ಮುಗಿದ ಮೇಲೆ ಅವರ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸಿ ಚೀಟಿ ತೆಗೆದುಕೊಳ್ಳಿ. ಐದು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಇದ್ದೇ ಇದೆ. ಅಡುಗೆಮನೆ ಬದಲಾದಾಗ ಆ ಗಡುವಿಗೆ ಕಾಯಬೇಡಿ.

ಚೀಟಿ ಯಾಕೆ ಮುಖ್ಯ ಅಂದರೆ ವಿಮೆ. ತೈಲ ಕಂಪನಿಗಳು ಗ್ರಾಹಕರ ಪರವಾಗಿ ಅಪಘಾತ ವಿಮೆ ಮಾಡಿಸಿರುತ್ತವೆ: ಜೀವಹಾನಿಯಾದರೆ ಒಬ್ಬರಿಗೆ 6 ಲಕ್ಷ ರೂಪಾಯಿವರೆಗೆ, ಆಸ್ತಿ ಹಾನಿಗೆ 2 ಲಕ್ಷದವರೆಗೆ. ಅದಕ್ಕೆ ನೀವು ಬೇರೆ ಪ್ರೀಮಿಯಂ ಕಟ್ಟಬೇಕಿಲ್ಲ. ಆದರೆ ಆಸ್ತಿ ಹಾನಿಯ ಪರಿಹಾರ ಗ್ಯಾಸ್ ಬುಕ್‌ನಲ್ಲಿ ನೋಂದಾಯಿಸಿದ ವಿಳಾಸಕ್ಕೆ ಮಾತ್ರ. ಕೆಲಸ ನಡೆಯುವಾಗ ಬಾಡಿಗೆ ಮನೆಗೆ ಹೋಗಿ ಸಿಲಿಂಡರನ್ನೂ ಆಟೊದಲ್ಲಿ ಒಯ್ಯುವವರು ಇದನ್ನು ಯೋಚಿಸುವುದೇ ಇಲ್ಲ. ಏಜೆನ್ಸಿಗೆ ಹೇಳಿ ವಿಳಾಸ ಬದಲಾಯಿಸಿಕೊಂಡೇ ಹೋಗಿ. ಒಡೆದ ಅಡುಗೆಮನೆಯಲ್ಲಿ ಕೆಲಸದವರ ಟೀಗೆ ಅಂತ ಸಿಲಿಂಡರ್ ಬಿಟ್ಟು ಬರಬೇಡಿ.

ಒಂದು ಕವರಿನಲ್ಲಿ ಇಷ್ಟು ಇರಲಿ: ಹಾಬ್ ಮತ್ತು ಗೀಸರ್ ಬಿಲ್, ಅವುಗಳ ಐಎಸ್‌ಐ ಪಟ್ಟಿಯ ಫೋಟೊ, ಗೋಡೆ ಮುಚ್ಚುವ ಮೊದಲಿನ ಪೈಪಿನ ಫೋಟೊ, ಎರಡೂ ಪರೀಕ್ಷೆಗಳ ದಿನಾಂಕ, ಒತ್ತಡ, ಮಾಡಿದವರ ಸಹಿ ಇರುವ ಹಾಳೆ, ಏಜೆನ್ಸಿಯ ಅಥವಾ ಗ್ಯಾಸ್ ಕಂಪನಿಯ ಚೀಟಿ. ಕಾಂಟ್ರಾಕ್ಟರಿಗೆ ಕೊನೆಯ ಕಂತು ಕೊಡುವ ಮೊದಲು ಆ ಹಾಳೆ ಕೈಗೆ ಬರಬೇಕು ಅಂತ ಈಗಲೇ ಒಪ್ಪಂದದಲ್ಲಿ ಬರೆಸಿ. ಎಲ್‌ಪಿಜಿ ಸೋರಿಕೆಯ ತುರ್ತು ಸಂಖ್ಯೆ 1906 ಅನ್ನು ಫ್ರಿಜ್ ಮೇಲೆ ಅಂಟಿಸಿ.

ಅಮ್ಮನಿಗೆ ಸ್ಟವ್ ಕೊಡುವ ವಿಷಯ. ಜೆಟ್ ಮುಟ್ಟದೆ ಹಾಗೇ ಇದ್ದರೆ, ನಾಬ್ ಬಿಗಿಯಾಗಿದ್ದು ಉರಿ ನೀಲಿಯಾಗಿದ್ದರೆ ಕೊಡಿ. ಪೈಪ್ ಗ್ಯಾಸಿಗೆಂದು ಜೆಟ್ ಬದಲಾಯಿಸಿದ್ದರೆ ಹಾಗೆಯೇ ಸಿಲಿಂಡರಿಗೆ ಹಾಕಿಕೊಡಬೇಡಿ. ದೊಡ್ಡ ತೂತಿನಿಂದ ಎಲ್‌ಪಿಜಿ ಹೊಮ್ಮಿ ಉರಿ ಪಾತ್ರೆಯ ಸುತ್ತ ಮೇಲೇಳುತ್ತದೆ. ಜೆಟ್ ಬಿಚ್ಚುವ ದಿನ ಹಳೆಯ ಜೆಟ್‌ಗಳನ್ನು ಕೇಳಿ ತೆಗೆದುಕೊಂಡು ಒಂದು ಪ್ಯಾಕೆಟ್‌ನಲ್ಲಿ ಹಾಕಿಟ್ಟುಕೊಳ್ಳಿ, ಊರಿಗೆ ಕಳಿಸುವಾಗ ಅವನ್ನೇ ವಾಪಸ್ ಹಾಕಿಸಬಹುದು. ಡ್ರಿಲ್ ಮಾಡಿಸಿಬಿಟ್ಟಿದ್ದರೆ ಕಂಪನಿಯ ಹೊಸ ಎಲ್‌ಪಿಜಿ ಜೆಟ್ ಬೇಕು. ಟ್ಯೂಬನ್ನು ಮಾತ್ರ ಇಲ್ಲಿಂದ ಕಳಿಸಬೇಡಿ. ಅಮ್ಮನ ಊರಿನ ಏಜೆನ್ಸಿಯಲ್ಲೇ ಹೊಸ ಸುರಕ್ಷಾ ಟ್ಯೂಬ್ ತೆಗೆದುಕೊಂಡು, ಅವರ ಮೆಕ್ಯಾನಿಕ್ ಕೈಯಲ್ಲೇ ಹಾಕಿಸಲಿ.